ಕೂತರೆ ಏಳಲಾಗದು, ಎದ್ದರೆ ಕೂರಲಾಗದು

ಇಳಿವಯಸ್ಸಿನವರ ಓಡಾಟವನ್ನು ಕಸಿದುಕೊಳ್ಳುವ ಕಾಯಿಲೆಗಳಲ್ಲಿ ಕೀಲುಗಳ ಸವೆತ ಮತ್ತು ಉರಿಯೂತಕ್ಕೆ ಮೊದಲ ಸಾಲಿನಲ್ಲೇ ಜಾಗ. ಪಾರ್ಶ್ವವಾಯುವಿನ ಹಾಗೆ ಇದು ಒಂದು ರಾತ್ರಿಯಲ್ಲಿ ಬಂದೆರಗುವುದಿಲ್ಲ. ಮೊದಲು ಮೆಟ್ಟಿಲಿಳಿಯುವಾಗ ಮಂಡಿ ಚುಳುಕ್ಕೆನ್ನುತ್ತದೆ. ಒಂದೆರಡು ವರ್ಷಕ್ಕೆ ಮಹಡಿ ಹತ್ತಿ ಬಟ್ಟೆ ಒಣಹಾಕುವುದು ನಿಲ್ಲುತ್ತದೆ. ಆಮೇಲೆ ಸಂತೆ, ದೇವಸ್ಥಾನ, ನೆಂಟರ ಮನೆಯ ಮದುವೆ ಒಂದೊಂದಾಗಿ ಬಿಟ್ಟುಹೋಗುತ್ತವೆ. "ವಯಸ್ಸಾಯ್ತಲ್ಲ" ಎಂದು ಮನೆಯವರೂ ಸುಮ್ಮನಿರುತ್ತಾರೆ, ನೋಯುತ್ತಿರುವವರೂ ಸುಮ್ಮನಿರುತ್ತಾರೆ. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಎಷ್ಟೋ ಕೆಲಸಗಳು ಕೈಬಿಟ್ಟುಹೋಗಿ ಬಹಳ ಕಾಲವಾಗಿರುತ್ತದೆ.

ಕೀಲಿನ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು ಆಸ್ಟಿಯೋಆರ್ಥ್ರೈಟಿಸ್, ಜನರ ಮಾತಿನಲ್ಲಿ 'ಮಂಡಿ ಸವೆತ'. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಮಂದಿಗೆ ಇದು ಇತ್ತು. 1990ಕ್ಕೆ ಹೋಲಿಸಿದರೆ ದುಪ್ಪಟ್ಟಿಗೂ ಹೆಚ್ಚು. ಇವರಲ್ಲಿ ಶೇ 73ರಷ್ಟು ಮಂದಿ 55 ದಾಟಿದವರು, ಶೇ 60ರಷ್ಟು ಮಂದಿ ಹೆಂಗಸರು. ಎಲ್ಲಕ್ಕಿಂತ ಹೆಚ್ಚು ನಲುಗುವ ಕೀಲು ಮಂಡಿ. ಭಾರತದಲ್ಲಿ ಇದೇ ಅವಧಿಯಲ್ಲಿ ರೋಗಿಗಳ ಸಂಖ್ಯೆ ಸುಮಾರು 2.3 ಕೋಟಿಯಿಂದ 6.2 ಕೋಟಿಗೆ ಏರಿತು. ದೇಶದ ಐದು ಕಡೆ 40 ದಾಟಿದವರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಶೇ 28.7 ಮಂದಿಗೆ ಮಂಡಿಯ ಆಸ್ಟಿಯೋಆರ್ಥ್ರೈಟಿಸ್ ಇರುವುದನ್ನು ಕಂಡಿತು. ಆಯಸ್ಸು ಬೆಳೆದ ಕಡೆಯೆಲ್ಲ ಈ ಕಾಯಿಲೆಯೂ ಬೆಳೆಯುತ್ತದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ 60 ದಾಟಿದ್ದರು.

'ಸವೆತ' ಎಂಬ ಮಾತು ಅರ್ಧ ಮಾತ್ರ ನಿಜ. ಎರಡು ಎಲುಬು ಕೂಡುವಲ್ಲಿ ಅವುಗಳ ತುದಿಗೆ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಬಿಳುಪಾಗಿ, ನುಣುಪಾಗಿ, ಕೆಲವೇ ಮಿಲಿಮೀಟರ್ ದಪ್ಪ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಸುತ್ತಲಿನ ಕೀಲುದ್ರವವೇ ಅದಕ್ಕೆ ಆಹಾರ. ಹೆಜ್ಜೆಹೆಜ್ಜೆಗೂ ಕೀಲು ಅದುಮಿ ಸಡಿಲವಾದಾಗ ಆ ದ್ರವ ಒಳಗೆ ಹೊರಗೆ ಆಡುತ್ತದೆ. ಎಂದರೆ ಓಡಾಟ ನಿಂತ ಕೀಲಿಗೆ ಊಟವೂ ಕಡಿಮೆಯಾಗುತ್ತದೆ. ಮೃದ್ವಸ್ಥಿ ತೆಳುವಾಗುತ್ತ ಬಂದಂತೆ ಅದರಡಿಯ ಎಲುಬು ಗಡುಸಾಗುತ್ತದೆ, ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಏಳುತ್ತದೆ, ಒಳಪೊರೆ ಆಗಾಗ ಊದುತ್ತದೆ. ನೋವು ಹುಟ್ಟುವುದು ಈ ಎಲುಬಿನಿಂದ, ಪೊರೆಯಿಂದ, ಸುತ್ತಲಿನ ಕಟ್ಟುಗಳಿಂದ. ಆದ್ದರಿಂದ ಇದು ಇಡೀ ಕೀಲಿನ ಕಾಯಿಲೆ. ಗಾಡಿಯ ಟೈರಿನಂತೆ ಬಳಸಿದಷ್ಟೂ ತೇದುಹೋಗುತ್ತದೆ ಎಂದು ನಂಬಿ ನಡೆಯುವುದನ್ನೇ ಬಿಟ್ಟವರು ತಮಗೆ ತಾವೇ ಕೆಡುಕು ಮಾಡಿಕೊಳ್ಳುತ್ತಾರೆ.

ಎಕ್ಸ್‌ರೇಯಲ್ಲಿ ಕಾಣುವ ಹಾನಿಯನ್ನು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳಾಗಿ ವಿಂಗಡಿಸಿದರು. ಇಂದಿಗೂ ರಿಪೋರ್ಟಿನಲ್ಲಿ 'ಗ್ರೇಡ್ 3', 'ಗ್ರೇಡ್ 4' ಎಂದು ಬರುವುದು ಅದೇ. ಆದರೆ ಗ್ರೇಡಿಗೂ ಮನುಷ್ಯ ಎಷ್ಟು ಓಡಾಡಬಲ್ಲ ಎಂಬುದಕ್ಕೂ ತಾಳೆಯಾಗದ ಸಂದರ್ಭಗಳು ಬೇಕಾದಷ್ಟಿವೆ. ಚಿತ್ರದಲ್ಲಿ ಮಂಡಿ ಪೂರಾ ಕೆಟ್ಟಂತೆ ಕಂಡರೂ ದಿನಾ ತೋಟಕ್ಕೆ ಹೋಗಿಬರುವವರಿದ್ದಾರೆ. ಹಾನಿ ಅಲ್ಪವಾಗಿದ್ದರೂ ಹೊಸಿಲು ದಾಟಲು ಕೈಯಾಸರೆ ಬೇಕಾದವರಿದ್ದಾರೆ. ಈ ವ್ಯತ್ಯಾಸಕ್ಕೆ ಕಾರಣ ಬಹಳಮಟ್ಟಿಗೆ ತೊಡೆಯ ಮುಂಭಾಗದ ಸ್ನಾಯುವಿನಲ್ಲಿದೆ. ಕುರ್ಚಿಯಿಂದ ಎಬ್ಬಿಸುವುದು, ಮೆಟ್ಟಿಲಿಳಿಯುವಾಗ ಮೈಭಾರವನ್ನು ಮೆಲ್ಲಗೆ ಇಳಿಸುವುದು, ಮಂಡಿ ಹಠಾತ್ತನೆ ಕುಸಿಯದಂತೆ ಹಿಡಿದಿಡುವುದು ಅದರ ಕೆಲಸ. ಮಂಡಿಯಲ್ಲಿ ಊತ ಬಂದಾಗ ಬೆನ್ನುಹುರಿಯ ಮಟ್ಟದಲ್ಲೇ ಆ ಸ್ನಾಯುವಿಗೆ ಕಡಿವಾಣ ಬೀಳುತ್ತದೆ. ಮನಸ್ಸು ಮಾಡಿದರೂ ಪೂರ್ತಿ ಬಲ ಹಾಕಲಾಗುವುದಿಲ್ಲ. ವಾರಗಟ್ಟಲೆ ಹೀಗಾದರೆ ತೊಡೆ ಬತ್ತುತ್ತದೆ. ಬತ್ತಿದ ತೊಡೆ ಮಂಡಿಯನ್ನು ಕಾಯುವುದಿಲ್ಲ, ಕಾಯದ ಮಂಡಿ ಇನ್ನಷ್ಟು ನೋಯುತ್ತದೆ. ಅಂಗವೈಕಲ್ಯದ ಕಡೆಗೆ ಜಾರುವ ದಾರಿ ಇದೇ.

ಅಂಗವೈಕಲ್ಯ ಎಂದರೆ ಇಲ್ಲಿ ಏನು? ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿ ಮುದುಕರ ಸ್ವಾವಲಂಬನೆಯನ್ನು ಅಳೆಯಲು ಆರು ಕೆಲಸಗಳನ್ನು ಗುರುತಿಸಿದ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಸಾಗುವುದು, ಮಲಮೂತ್ರದ ಹಿಡಿತ, ಊಟ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣ ಇನ್ನೂ ಮುಂದೆ ಹೋಯಿತು. ದೇಹದ ಕೊರತೆ, ಅದರಿಂದ ನಿಂತುಹೋಗುವ ಕೆಲಸ, ಆ ಕಾರಣಕ್ಕೆ ತಪ್ಪಿಹೋಗುವ ಬದುಕಿನ ಪಾಲು, ಈ ಮೂರನ್ನೂ ಅದು ಬೇರೆಬೇರೆಯಾಗಿ ನೋಡುತ್ತದೆ. ಸುತ್ತಲಿನ ಪರಿಸರ ಈ ಮೂರರ ಮೇಲೂ ಪ್ರಭಾವ ಬೀರುತ್ತದೆ ಎನ್ನುತ್ತದೆ. ಕನ್ನಡ ನಾಡಿನ ಮನೆಗಳಲ್ಲಿ ಕೀಲುಬೇನೆಯನ್ನು ಅರ್ಥಮಾಡಿಕೊಳ್ಳಲು ಈ ಕೊನೆಯ ಮಾತು ಬಹಳ ಮುಖ್ಯ. ಇಲ್ಲಿನ ಬದುಕು ನೆಲಕ್ಕೆ ಹತ್ತಿರ.

ಈಳಿಗೆಮಣೆಯ ಮೇಲೆ ಕೂತು ಪಲ್ಯಕ್ಕೆ ಹೆಚ್ಚಿ ಮುಗಿಸಿದ ಎಪ್ಪತ್ತರ ಅಜ್ಜಿಯೊಬ್ಬರು ಏಳುವುದನ್ನು ನೋಡಿದರೆ ವಿಷಯ ತಿಳಿಯುತ್ತದೆ. ತರಕಾರಿಯ ತಟ್ಟೆಯನ್ನು ಮೊದಲು ಆಚೆ ಸರಿಸುತ್ತಾರೆ. ಮಡಿಸಿದ ಕಾಲನ್ನು ಕೈಯಿಂದಲೇ ಎತ್ತಿ ಮುಂದಕ್ಕೆ ಚಾಚಿ, ಎರಡು ಸಲ ನೀವಿಕೊಳ್ಳುತ್ತಾರೆ. ಪಕ್ಕಕ್ಕೆ ವಾಲಿ ಅಂಗೈ ನೆಲಕ್ಕೂರುತ್ತಾರೆ. ನೋವು ಕಡಿಮೆಯಿರುವ ಮಂಡಿಯನ್ನು ನೆಲಕ್ಕೆ ಕೊಟ್ಟು, ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಉಸಿರು ಬಿಗಿಹಿಡಿದು ಏಳುತ್ತಾರೆ. ಕಾಲು ಮಾಡಬೇಕಾದ ಕೆಲಸದಲ್ಲಿ ಅರ್ಧವನ್ನು ರಟ್ಟೆ, ಸೊಂಟ ಮಾಡುತ್ತವೆ. ಎದ್ದ ಮೇಲೂ ಕೂಡಲೇ ಹೆಜ್ಜೆ ಇಡುವುದಿಲ್ಲ. ಬೆನ್ನು ನೆಟ್ಟಗಾಗುವ ತನಕ ಚೌಕಟ್ಟು ಹಿಡಿದೇ ನಿಂತಿರುತ್ತಾರೆ. ರಟ್ಟೆಯಲ್ಲಿ ಬಲವಿರುವವರೆಗೆ ಇದು ನಡೆಯುತ್ತದೆ. ಭುಜವೂ ಹಿಡಿದುಕೊಂಡರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಹೆಚ್ಚು, ನೆಲದಿಂದ ಏಳುವ ದಾರಿಯೇ ಮುಚ್ಚುತ್ತದೆ.

ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಿಚಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಗೆ 90ರ ಆಸುಪಾಸು ಬೇಕು. ಕುಕ್ಕರಗಾಲಲ್ಲಿ ಕೂರಲು 130 ಡಿಗ್ರಿಗೂ ಮೀರಿ ಮಡಿಚಬೇಕು. 110 ಡಿಗ್ರಿ ಮಡಿಚುವ ಮಂಡಿ ಕುರ್ಚಿ, ಮೇಜು, ಕಮೋಡ್ ಇರುವ ಮನೆಯಲ್ಲಿ ಅಂಥ ತೊಂದರೆ ಕೊಡದು. ಅದೇ ಮಂಡಿಯ ಒಡತಿ ನೆಲದಲ್ಲಿ ಕೂತು ಉಣ್ಣುವ, ನೆಲಮಟ್ಟದ ಪಾಯಿಖಾನೆಯಿರುವ ಮನೆಯಲ್ಲಿದ್ದರೆ ದಿನಕ್ಕೆ ಹತ್ತು ಸಲ ಸೋಲುತ್ತಾರೆ. ಕೀಲಿನಲ್ಲಿರುವ ಕಾಯಿಲೆ ಎರಡೂ ಕಡೆ ಒಂದೇ; ಅಂಗವೈಕಲ್ಯ ಬೇರೆ. 1980ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡು, ಕೀಲುಬೇನೆಯ ತೊಡಕನ್ನು ಅಳೆಯಲು ಈಗ ಜಗತ್ತೆಲ್ಲ ಬಳಸುವ 'ವೊಮ್ಯಾಕ್' ಪ್ರಶ್ನಾವಳಿಯ 24 ಪ್ರಶ್ನೆಗಳಲ್ಲಿ ಸಾಕ್ಸ್ ಹಾಕಿಕೊಳ್ಳುವುದು, ಕಾರು ಹತ್ತಿಳಿಯುವುದು ಸೇರಿವೆ. ಚಕ್ಕಳಮಕ್ಕಳ ಹಾಕಿ ಕೂರುವುದಾಗಲಿ ಕುಕ್ಕರಗಾಲಾಗಲಿ ಅದರಲ್ಲಿಲ್ಲ. ಭಾರತದ ವೈದ್ಯರು ಅವನ್ನು ಸೇರಿಸಿಕೊಂಡು ಬಳಸುವುದುಂಟು, ಸೇರಿಸಲೇಬೇಕು ಕೂಡ.

ಕುಕ್ಕರಗಾಲಲ್ಲಿ ಬಹುಕಾಲ ಕೂರುವುದೇ ಮಂಡಿಗೆ ಕೆಡುಕೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಬೀಜಿಂಗ್ ನಗರದ ಮುದುಕರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೌವನದಲ್ಲಿ ದಿನಾ ಗಂಟೆಗಟ್ಟಲೆ ಹಾಗೆ ಕೂರುತ್ತಿದ್ದವರಿಗೆ ಮಂಡಿಯ ಆಸ್ಟಿಯೋಆರ್ಥ್ರೈಟಿಸ್ ಹೆಚ್ಚಾಗಿತ್ತು. ಗದ್ದೆಯಲ್ಲಿ ಕಳೆ ಕೀಳುವ, ಒಲೆಯ ಮುಂದೆ, ಬಟ್ಟೆ ಕಲ್ಲಿನ ಮುಂದೆ ದಶಕಗಳನ್ನು ಕಳೆದ ಹೆಂಗಸರ ಮಂಡಿಗೆ ಬಿದ್ದಿರುವ ಹೊರೆ ಎಷ್ಟೆಂದು ಇದರಿಂದ ಊಹಿಸಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ವೇಗವಾಗಿ ಏರುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರು ತಮ್ಮ ಮಂಡಿಯ ಸುದ್ದಿಯನ್ನೂ ಕೊನೆಗೇ ಹೇಳುತ್ತಾರೆ.

ಓಡಾಟ ಕುಗ್ಗಿದ್ದರ ಪರಿಣಾಮ ಕೀಲಿನಲ್ಲೇ ನಿಲ್ಲುವುದಿಲ್ಲ. ನಡಿಗೆ ನಿಂತರೆ ತೂಕ, ಸಕ್ಕರೆ, ಬಿ.ಪಿ. ಏರುತ್ತವೆ. ಇಂಗ್ಲೆಂಡಿನಲ್ಲಿ ಮಂಡಿ ಮತ್ತು ಸೊಂಟದ ಕೀಲಿನ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಸಾವಿನ ಪ್ರಮಾಣ ಇತರರಿಗಿಂತ ಹೆಚ್ಚಿತ್ತು. ನಡೆಯಲಾರದವರಲ್ಲಿ ಅದು ಮತ್ತೂ ಹೆಚ್ಚು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಹಿರಿಯರ ಅಧ್ಯಯನ 1994ರಲ್ಲೇ, ಅಂಗವೈಕಲ್ಯ ತರುವುದರಲ್ಲಿ ಮಂಡಿಯ ಆಸ್ಟಿಯೋಆರ್ಥ್ರೈಟಿಸನ್ನು ಪಾರ್ಶ್ವವಾಯು, ಹೃದ್ರೋಗಗಳ ಸಾಲಿನಲ್ಲಿ ನಿಲ್ಲಿಸಿತ್ತು. ರಾತ್ರಿ ನೋವಿನಿಂದ ನಿದ್ದೆ ಕೆಡುತ್ತದೆ. ಎದ್ದು ಬಚ್ಚಲಿಗೆ ಹೋಗುವ ಕಷ್ಟಕ್ಕೆ ಹೆದರಿ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಮಲಬದ್ಧತೆ, ಉರಿಮೂತ್ರ ಅದರ ಬೆನ್ನಿಗೆ ಬರುತ್ತವೆ. ಬೀಳುವ ಭಯ ಬೇರೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಆ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲಾಗದ ಅಜ್ಜಿಗೆ ಮಾತ್ರ ಮಗಳ ಊರು ದೂರವೇ ಉಳಿದಿದೆ.

ಮುದುಕರ ಕೀಲುನೋವೆಲ್ಲ ಆಸ್ಟಿಯೋಆರ್ಥ್ರೈಟಿಸ್ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಪೊರೆಯ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಗಳ ಸಣ್ಣ ಗಂಟುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಸಡಿಲವಾಗಲು ಒಂದು ಗಂಟೆಗೂ ಹೆಚ್ಚು ಬೇಕಾಗುತ್ತದೆ. ಸವೆತದ ಬಿಗಿತವಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಬೇಗ ಡಾಕ್ಟರ ಬಳಿ ಹೋಗಬಹುದು. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧಗಳು ಮೊದಲ ತಿಂಗಳುಗಳಲ್ಲೇ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಲ್ಲವು, ತಡವಾದರೆ ಸೊಟ್ಟಗಾದದ್ದು ನೆಟ್ಟಗಾಗದು. ಯೂರಿಕ್ ಆಮ್ಲದ ಹರಳು ಕೂತು ಬರುವ ಗೌಟ್ ಕೂಡ ಮದ್ದಿಗೆ ಚೆನ್ನಾಗಿ ಬಗ್ಗುತ್ತದೆ. ಇನ್ನು ಚಿಕೂನ್‌ಗುನ್ಯಾ. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷದಷ್ಟು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ನರಳುವವರಲ್ಲಿ ವಯಸ್ಸಾದವರು ಹೆಚ್ಚು. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಿದ 'ಹಂದಿಗೋಡು ಕಾಯಿಲೆ' ಮಾತ್ರ ಬೇರೆಯೇ ಜಾತಿಯದು. ಅದು ವಂಶಪಾರಂಪರ್ಯವಾಗಿ ಬಂದು, ಮುಪ್ಪಿಗೆ ಕಾಯದೆ ಸೊಂಟ ಮತ್ತು ಮಂಡಿಯ ಕೀಲುಗಳನ್ನು ಹಿಡಿದು ದುಡಿಯುವ ವಯಸ್ಸಿನವರನ್ನೇ ಕೂರಿಸಿಬಿಡುತ್ತದೆ.

ಆಸ್ಟಿಯೋಆರ್ಥ್ರೈಟಿಸ್‌ಗೆ ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಮದ್ದು ಇನ್ನೂ ಇಲ್ಲ. ಹಾಗೆಂದು ಅಂಗವೈಕಲ್ಯವನ್ನು ತಡೆಯಲಾಗದು ಎಂದಲ್ಲ. ಈ ಮಾತಿಗೆ ಗಟ್ಟಿ ಆಧಾರ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ. ಮಂಡಿನೋವಿದ್ದ, 60 ದಾಟಿದ 439 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ನಡಿಗೆ, ಇನ್ನೊಂದಕ್ಕೆ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರನೆಯದಕ್ಕೆ ಆರೋಗ್ಯದ ತಿಳಿವಳಿಕೆ ಮಾತ್ರ ಕೊಟ್ಟು 18 ತಿಂಗಳು ನೋಡಿದರು. 1997ರಲ್ಲಿ ಫಲಿತಾಂಶ ಬಂತು: ವ್ಯಾಯಾಮದ ಎರಡೂ ಗುಂಪುಗಳಲ್ಲಿ ನೋವು ಕಡಿಮೆ, ಓಡಾಟ ಉತ್ತಮ. ಆರಂಭದಲ್ಲಿ ನಿತ್ಯದ ಕೆಲಸಗಳಿಗೆ ತೊಡಕಿಲ್ಲದಿದ್ದ 250 ಮಂದಿಯನ್ನಷ್ಟೇ ಆಮೇಲೆ ಬೇರೆಯಾಗಿ ಲೆಕ್ಕಹಾಕಿದಾಗ, ತಿಳಿವಳಿಕೆಯ ಗುಂಪಿನ ಶೇ 52.5 ಮಂದಿ ಸ್ವಾವಲಂಬನೆ ಕಳೆದುಕೊಂಡಿದ್ದರೆ ವ್ಯಾಯಾಮ ಮಾಡಿದವರಲ್ಲಿ ಆ ಪ್ರಮಾಣ ಶೇ 37.1 ಇತ್ತು. ಮಂಡಿ ಅದೇ ಹಳೆಯ ಮಂಡಿಯೇ ಆಗಿತ್ತು.

ವ್ಯಾಯಾಮಕ್ಕೆ ಜಿಮ್ ಬೇಕಿಲ್ಲ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಒತ್ತಿ ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು ಮೊದಲ ಪಾಠ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಮುಂದಿನವು. ಈ ಕೊನೆಯದು ಪರೀಕ್ಷೆಯೂ ಹೌದು: ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಬಹುದೆಂದು ಎಣಿಸುತ್ತಾರೆ. ಅಮೆರಿಕದ ಮಾನದಂಡದಲ್ಲಿ 65ರಿಂದ 69ರ ಹೆಂಗಸರು 11ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯವಿದೆ ಎಂದರ್ಥ. ಶುರುವಿನ ವಾರಗಳಲ್ಲಿ ನೋವು ತುಸು ಹೆಚ್ಚಬಹುದು, ಹೆದರಿ ಬಿಡಬಾರದು. ಒಮ್ಮೆ ಫಿಸಿಯೋಥೆರಪಿಸ್ಟರಿಂದ ಕಲಿತುಕೊಳ್ಳುವುದು ಒಳ್ಳೆಯದು.

ತೂಕ ಹೆಚ್ಚಿರುವವರಿಗೆ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಬಹುತೇಕರು ನೋಯುವ ಕಡೆಯೇ ಹಿಡಿದು ಅದರ ಅರ್ಧ ಪ್ರಯೋಜನ ಕಳೆದುಕೊಳ್ಳುತ್ತಾರೆ. ನೆಟ್ಟಗೆ ನಿಂತಾಗ ಅದರ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಬೇಕು. ನೋವಿನ ಮಾತ್ರೆಗಳ ವಿಷಯದಲ್ಲಿ ಎಚ್ಚರ ಎಷ್ಟಿದ್ದರೂ ಸಾಲದು. ಡೈಕ್ಲೋಫೆನಾಕ್‌ನಂಥವನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದ ಮುದುಕರಲ್ಲಿ ಹೊಟ್ಟೆ ಹುಣ್ಣಾಗಿ ರಕ್ತಸ್ರಾವ, ಕಿಡ್ನಿ ತೊಂದರೆ, ಹೃದಯದ ತೊಂದರೆ ಆಗುತ್ತವೆ. ಮಂಡಿಗಾದರೆ ಅದೇ ಔಷಧದ ಮುಲಾಮು ಮೊದಲ ಆಯ್ಕೆ. ಹೆಸರಿಲ್ಲದ ಪುಡಿ, ಗುಳಿಗೆಗಳು ಒಂದೇ ದಿನದಲ್ಲಿ ನೋವು ಮಾಯ ಮಾಡಿದರೆ ಅವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ದುರ್ಬೀನು ಹಾಕಿ ಮಂಡಿ ತೊಳೆಯುವ ಶಸ್ತ್ರಚಿಕಿತ್ಸೆ ಸವೆತಕ್ಕೆ ಪ್ರಯೋಜನವಿಲ್ಲವೆಂದು 2002ರಲ್ಲೇ ಸಾಬೀತಾಗಿದೆ.

ಇದೆಲ್ಲ ಮಾಡಿಯೂ ನೋವು ನಿದ್ದೆಗೆಡಿಸಿದರೆ, ಮನೆಯೊಳಗಿನ ನಡಿಗೆಯೂ ಕಷ್ಟವಾದರೆ ಮಂಡಿ ಬದಲಾವಣೆ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ಹಾಕಿದ ಕೃತಕ ಮಂಡಿಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರ ಅಂದಾಜು. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿ, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಜೋಡಣೆಗೆ ತೆರಿಗೆ ಬಿಟ್ಟು 54,720 ರೂಪಾಯಿ ಗೊತ್ತುಮಾಡಿತು. ಆಸ್ಪತ್ರೆಯ ಉಳಿದ ಖರ್ಚು ಇದಕ್ಕೆ ಹೊರತು. ಆಪರೇಷನ್ ಆದ ಮೇಲೆ ನಡಿಗೆ, ಮೆಟ್ಟಿಲು ಸಲೀಸಾಗುತ್ತವೆ. ಕುಕ್ಕರಗಾಲು, ನೆಲದ ಮೇಲಿನ ಕೂರುವಿಕೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಇದನ್ನು ಮೊದಲೇ ತಿಳಿಸದೆ ಹೋದರೆ ರೋಗಿಗೆ ಆಗುವ ನಿರಾಸೆ ದೊಡ್ಡದು.

ಕಾನೂನಿನ ಕಡೆ ನೋಡಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿದೆ. ಪಾರ್ಕಿನ್‌ಸನ್ ಕಾಯಿಲೆ ಅದರಲ್ಲಿದೆ, ಸಂಧಿವಾತದ ಹೆಸರಿಲ್ಲ. ಕೀಲು ಕೆಟ್ಟು ಚಲನೆ ಕುಂದಿದವರು ಚಲನಾ ವೈಕಲ್ಯದ ಅಡಿಯಲ್ಲಿ ಅರ್ಜಿ ಹಾಕಬೇಕು. ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕವರಿಗೆ ಮುಖ್ಯ ಸೌಲಭ್ಯಗಳು. ಮುದುಕರಲ್ಲಿ ಬಹಳ ಮಂದಿ ಅಲ್ಲಿಯವರೆಗೆ ಹೋಗುವುದೇ ಇಲ್ಲ, ತಮ್ಮನ್ನು ಅಂಗವಿಕಲರೆಂದು ಅವರು ಎಣಿಸಿಕೊಂಡಿರುವುದಿಲ್ಲ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಉಚಿತವಾಗಿ ಸಿಗುತ್ತವೆ. ಇವನ್ನು ಒದಗಿಸುವುದು ಕಾನ್ಪುರದ ಕೇಂದ್ರ ಸರ್ಕಾರಿ ಸಂಸ್ಥೆ ಅಲಿಮ್ಕೋ.

ಮನೆಯೊಳಗೆ ಮಾಡಬೇಕಾದ ಬದಲಾವಣೆ ದೊಡ್ಡ ಖರ್ಚಿನದಲ್ಲ. ಕೂರುವ ಕುರ್ಚಿ 45ರಿಂದ 50 ಸೆಂಟಿಮೀಟರ್ ಎತ್ತರವಿದ್ದು ಎರಡೂ ಕಡೆ ಕೈ ಇರಬೇಕು. ಮೆತ್ತನೆಯ ತಗ್ಗು ಸೋಫಾ ಮಂಡಿಗೆ ನೆಲದಷ್ಟೇ ಕಷ್ಟ. ಮಂಚ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಮರದ ದಿಮ್ಮಿ ಕೊಡಬಹುದು. ಪಾಯಿಖಾನೆ ಒಡೆದು ಕಟ್ಟಿಸಲಾಗದವರಿಗೆ ಗುಂಡಿಯ ಮೇಲೆ ಇಡುವ ಕಬ್ಬಿಣದ ಕಮೋಡ್ ಕುರ್ಚಿ ಸಿಗುತ್ತದೆ. ಈಳಿಗೆಮಣೆಯ ಬದಲು ಮೇಜಿನ ಎತ್ತರದಲ್ಲಿ ಹೆಚ್ಚುವ ಚಾಕು, ಬಚ್ಚಲಿನಲ್ಲಿ ಕೂತು ಸ್ನಾನ ಮಾಡಲು ಜಾರದ ಸ್ಟೂಲು, ಹೊಸಿಲ ಬಳಿ ರಾತ್ರಿ ಉರಿಯುವ ಸಣ್ಣ ದೀಪ, ಬಚ್ಚಲಿನ ಗೋಡೆಗೆ ಸೊಂಟದ ಎತ್ತರದಲ್ಲಿ ಗಟ್ಟಿಯಾದ ಸ್ಟೀಲ್ ಹಿಡಿಕೆ ಬೇಕು. ಹಿಡಿಕೆಯನ್ನು ಎಲ್ಲಿ ಕೂರಿಸಬೇಕೆಂದು ಮೇಸ್ತ್ರಿಯನ್ನು ಕೇಳುವುದಕ್ಕಿಂತ, ಅಜ್ಜಿ ಏಳುವಾಗ ಕೈ ಗೋಡೆಯ ಯಾವ ಜಾಗಕ್ಕೆ ಹೋಗುತ್ತದೆಂದು ನೋಡಿ ಅಲ್ಲೇ ಗುರುತು ಹಾಕಬೇಕು.